ಕಾಳಿನ ಡಬ್ಬಿಗೆ ಬಾರದ ಚಳಿಗಾಲದ ನೆಂಟರು

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಹಿಂದೆ ಪುಟ್ಟ ಹಿತ್ತಲಿದೆ. ಒಂದು ಸೀಬೆ, ಒಂದು ನುಗ್ಗೆ, ಕರಿಬೇವು, ನಾಲ್ಕಾರು ದಾಸವಾಳದ ಗಿಡಗಳಿವೆ. ಮಗಳು ಅಮೆರಿಕದ ಮಿನ್ನೆಸೋಟದಲ್ಲಿದ್ದಾಳೆ. ಹಿಮ ಸುರಿಯುವ ದಿನಗಳಲ್ಲಿ ಅವಳ ಮನೆಯ ಹಿಂದೆ ತೂಗುಹಾಕಿದ ಕಾಳಿನ ಡಬ್ಬಿಗೆ ಹತ್ತಾರು ಬಗೆಯ ಹಕ್ಕಿಗಳು ಬರುತ್ತವೆ, ಮೊಬೈಲಿನಲ್ಲಿ ತೋರಿಸುತ್ತಾಳೆ. ಅದನ್ನು ನೋಡಿ ನಮ್ಮ ಯಜಮಾನರು ನವೆಂಬರಿನಲ್ಲಿ ಅಂಥದೇ ಫೀಡರ್ ತರಿಸಿ ಸೀಬೆ ಮರಕ್ಕೆ ಕಟ್ಟಿದರು. ಎರಡು ತಿಂಗಳಾಯಿತು. ಬರುವುದು ಪಾರಿವಾಳ, ಕಾಗೆ, ಅಳಿಲು ಮಾತ್ರ. ಪಾರಿವಾಳದ ಹಿಕ್ಕೆಯಿಂದ ಪಕ್ಕದ ಮನೆಯವರಿಗೂ ಬೇಸರವಾಗಿದೆ. ನಮ್ಮ ಕಡೆ ಚಳಿಗಾಲದಲ್ಲಿ ಹಕ್ಕಿಗಳಿಗೆ ಏನಿಡಬೇಕು, ಎಲ್ಲಿಡಬೇಕು? ಇನ್ನೊಂದು ವಿಷಯ. ದಿನವೂ ಬೆಳಿಗ್ಗೆ ನುಗ್ಗೆ ಮರದಲ್ಲಿ ಯಾವುದೋ ಪುಟ್ಟ ಹಕ್ಕಿ ‘ಚಿವೀ’ ಎಂದು ಕೂಗುತ್ತದೆ, ಎಷ್ಟು ಹುಡುಕಿದರೂ ಕಣ್ಣಿಗೆ ಬೀಳುವುದಿಲ್ಲ. ಅದು ಯಾವುದಿರಬಹುದು?

ಉತ್ತರ: ನಮಸ್ಕಾರ. ಚಳಿಗಾಲದ ನೆಂಟರು ಯಾರೂ ಬರಲಿಲ್ಲವೆಂದು ನೀವು ಬೇಸರಪಟ್ಟುಕೊಂಡಿದ್ದೀರಿ. ಆದರೆ ನಿಮ್ಮ ಕೊನೆಯ ಎರಡು ಸಾಲು ಓದಿದಾಗ, ಒಬ್ಬ ನೆಂಟ ಆಗಲೇ ಬಂದು ನುಗ್ಗೆ ಮರದಲ್ಲಿ ಬಿಡಾರ ಹೂಡಿರುವಂತೆ ನನಗೆ ಕಾಣುತ್ತಿದೆ. ಅವನಿಗೆ ನೀವಿಟ್ಟ ಕಾಳು ಬೇಡ, ಅಷ್ಟೆ. ಅವನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಡಬ್ಬಿಯ ಮಾತು.

ನಿಮ್ಮ ಮಗಳ ಊರಿನಲ್ಲಿ ಡಿಸೆಂಬರ್ ಕೊನೆಯ ಹಗಲು ಒಂಬತ್ತು ಗಂಟೆಗೂ ಕಡಿಮೆ. ನೆಲ, ಪೊದೆ, ಕೊಂಬೆ ಎಲ್ಲವೂ ಹಿಮದಡಿ. ಹುಳುಗಳು ಮೊಟ್ಟೆಯಾಗಿಯೋ ಕೋಶವಾಗಿಯೋ ತೊಗಟೆಯ ಸಂದಿಯಲ್ಲಿ ಮರಗಟ್ಟಿ ಮಲಗಿರುತ್ತವೆ. ಅಲ್ಲಿಯ ಡಬ್ಬಿಗಳಿಗೆ ತಪ್ಪದೆ ಬರುವ ‘ಚಿಕಡೀ’ ಎಂಬ ಕರಿಟೊಪ್ಪಿಗೆಯ ಹಕ್ಕಿಯ ತೂಕ ಹನ್ನೊಂದು ಗ್ರಾಮಿನ ಆಸುಪಾಸು. ಹಗಲಿನಲ್ಲಿ ತಿಂದು ಕೂಡಿಸಿಕೊಂಡ ಕೊಬ್ಬನ್ನು ಹದಿನೈದು ಗಂಟೆಯ ರಾತ್ರಿಯುದ್ದಕ್ಕೂ ಉರಿಸಿ, ಮೈಯ ಬಿಸಿಯನ್ನೇ ಹತ್ತು ಡಿಗ್ರಿಯಷ್ಟು ತಗ್ಗಿಸಿಕೊಂಡು ಅದು ಬೆಳಗಿನವರೆಗೆ ಜೀವ ಹಿಡಿಯಬೇಕು. ಅಂಥ ಹಕ್ಕಿಗೆ ಕಪ್ಪು ಸೂರ್ಯಕಾಂತಿ ಬೀಜ ತುಂಬಿದ ಡಬ್ಬಿ ದೊಡ್ಡ ಆಸರೆ. ಅಷ್ಟಾದರೂ ಚಿಕಡೀ ಪೂರ್ತಿ ಡಬ್ಬಿಯನ್ನೇ ನಂಬಿ ಕೂರುವುದಿಲ್ಲ. ಮಿನ್ನೆಸೋಟದ ಪಕ್ಕದ ವಿಸ್ಕಾನ್ಸಿನ್‌ನಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಡಬ್ಬಿ ಇದ್ದ ಕಡೆಯೂ ಅದರ ದಿನದ ಆಹಾರದಲ್ಲಿ ಡಬ್ಬಿಯ ಕಾಳಿನ ಪಾಲು ಸುಮಾರು ಐದನೆಯ ಒಂದು ಭಾಗ ಮಾತ್ರ ಎಂದು ಕಂಡುಬಂತು. ಉಳಿದದ್ದನ್ನು ಅದು ಕಾಡಿನಿಂದಲೇ ಹೆಕ್ಕಿಕೊಳ್ಳುತ್ತಿತ್ತು. ಕಡು ಚಳಿಯ ತಿಂಗಳುಗಳಲ್ಲಿ ಮಾತ್ರ ಡಬ್ಬಿಯ ಆಸರೆಯಿದ್ದ ಹಕ್ಕಿಗಳು ಹೆಚ್ಚು ಬದುಕುಳಿದವು.

ಈಗ ನಮ್ಮ ಊರಿಗೆ ಬನ್ನಿ. ಇಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಹನ್ನೊಂದೂಕಾಲು ಗಂಟೆಗಿಂತ ಹೆಚ್ಚು ಅವಧಿಯಿದೆ. ಜನವರಿಯ ಬೆಳಗಿನ ಜಾವ ನಾವು ಸ್ವೆಟರ್ ಹಾಕಿಕೊಂಡು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತೇವಾದರೂ ಉಷ್ಣಾಂಶ ಸಾಮಾನ್ಯವಾಗಿ ಹದಿನೈದು ಹದಿನಾರು ಡಿಗ್ರಿ ಇರುತ್ತದೆ. ಮುಂಗಾರು, ಹಿಂಗಾರು ಎರಡೂ ಮುಗಿದು ಹುಲ್ಲೆಲ್ಲ ಬೀಜ ಕಟ್ಟಿರುತ್ತದೆ. ಎಲೆಗಳ ಅಡಿಯಲ್ಲಿ ಹುಳುವಿಗೆ ಬರವಿಲ್ಲ. ಮಂಡ್ಯದ ಕಡೆಗಂತೂ ಇದು ಸುಗ್ಗಿ. ನಾಲೆ ನೀರಿನ ಗದ್ದೆಗಳಲ್ಲಿ ಭತ್ತ ಕೊಯ್ಲಾಗಿ, ಕೂಳೆಯ ನಡುವೆ ಉದುರಿದ ಕಾಳು ಚೆಲ್ಲಿರುತ್ತದೆ. ಗೀಜಗ, ರಾಟವಾಳ, ಗುಬ್ಬಚ್ಚಿ, ಬೆಳವ ಮುಂತಾದ ಕಾಳು ತಿನ್ನುವ ಹಕ್ಕಿಗಳಿಗೆ ವರ್ಷದಲ್ಲೇ ಹೊಟ್ಟೆ ತುಂಬಿರುವ ಕಾಲವಿದು. ಅವು ಗದ್ದೆ ಬಯಲನ್ನು ಬಿಟ್ಟು ಕುವೆಂಪುನಗರದ ಡಬ್ಬಿಯನ್ನು ಹುಡುಕಿಕೊಂಡು ಯಾಕೆ ಬರಬೇಕು? ನಮ್ಮ ಹಕ್ಕಿಗಳಿಗೆ ಕಷ್ಟದ ತಿಂಗಳುಗಳು ಮಾರ್ಚ್, ಏಪ್ರಿಲ್, ಮೇ. ಆಗಲೂ ಅವಕ್ಕೆ ಕಾಳಿಗಿಂತ ನೀರು ಮುಖ್ಯ.

ಇನ್ನು ಉತ್ತರದಿಂದ ನಮ್ಮಲ್ಲಿಗೆ ಬರುವ ಚಳಿಗಾಲದ ಹಕ್ಕಿಗಳ ಆಹಾರವನ್ನು ಗಮನಿಸಿ. ಕೆರೆಯ ಹಕ್ಕಿಗಳ ಮಾತು ಬೇರೆ. ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ನಿಮ್ಮ ಹಿತ್ತಲಿಗಂತೂ ಇಳಿಯುವುದಿಲ್ಲ. ಮನೆಯ ಸುತ್ತ ಸುಳಿಯುವವುಗಳೆಂದರೆ ಎಲೆ ಉಲಿಯಕ್ಕಿ, ನೊಣಹಿಡುಕ, ರಾಜಹಕ್ಕಿ, ಬೂದು ಕಾಜಾಣ, ಕಂದು ಕಳಿಂಗ, ಬೂದು ಕುಂಡೆಕುಸ್ಕ. ಎಲ್ಲವೂ ಹುಳುಹುಪ್ಪಟೆ ಹಿಡಿಯುವ ಹಕ್ಕಿಗಳೇ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಹಿಂಡುಹಿಂಡಾಗಿ ಬರುವ ಗುಲಾಬಿ ಕಬ್ಬಕ್ಕಿ ಮಾತ್ರ ಜೋಳದ ತೆನೆಗೂ ಎರಗುತ್ತದೆ. ಆದರೆ ನಗರದೊಳಗೆ ಅದು ಕಾಣಿಸುವುದು ಹಣ್ಣಾದ ಆಲ, ಅರಳಿ, ಅತ್ತಿಯ ಮರಗಳಲ್ಲಿ, ಹೂಬಿಟ್ಟ ಬೂರುಗದಲ್ಲಿ.

ಹಾಗಾಗಿ ಡಬ್ಬಿಯ ಕಾಳಿಗೆ ಉಳಿದದ್ದು ಪಾರಿವಾಳ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಪಾರಿವಾಳದ ದೇಹವೇ ಹಾಗಿದೆ. ಗುಬ್ಬಚ್ಚಿಯೂ ಗೀಜಗವೂ ತಾವು ಕಾಳು ತಿಂದರೂ ಮರಿಗಳಿಗೆ ಹುಳುವನ್ನೇ ತಂದುಕೊಡಬೇಕು. ಹುಳುವಿಲ್ಲದ ಕಡೆ ಎಷ್ಟು ಕಾಳು ಸುರಿದರೂ ಅವುಗಳ ಸಂಸಾರ ಬೆಳೆಯುವುದಿಲ್ಲ. ಪಾರಿವಾಳ ತಾನು ನುಂಗಿದ ಕಾಳಿನ ಬಲದಲ್ಲೇ ಗಂಟಲ ಚೀಲದಲ್ಲಿ ಹಾಲಿನಂಥ ಗಟ್ಟಿ ದ್ರವ ಸ್ರವಿಸಿ ಮರಿಗೆ ಉಣಿಸಬಲ್ಲದು. ಕಾಳು ಸಿಗುವವರೆಗೆ ವರ್ಷದ ಯಾವ ತಿಂಗಳಲ್ಲಾದರೂ ಮರಿ ಮಾಡಬಲ್ಲದು. ಮೂಲದಲ್ಲಿ ಅದು ಬಂಡೆಯ ಹಕ್ಕಿ. ನಮ್ಮ ಸಜ್ಜೆಗಳು, ಕಿಟಕಿಯ ಮೇಲಿನ ಕಟ್ಟೆಗಳು ಅದಕ್ಕೆ ಬಂಡೆಯೇ. ಪುಣ್ಯದ ಹೆಸರಿನಲ್ಲಿ ಬೀದಿ ಬೀದಿಗಳಲ್ಲಿ ಮೂಟೆಗಟ್ಟಲೆ ಕಾಳು ಸುರಿಯುವುದು ಒಂದೇ ಜಾತಿಯ ಹಕ್ಕಿಯನ್ನು ಲೆಕ್ಕವಿಲ್ಲದಷ್ಟು ಬೆಳೆಸಿದೆ. ಇದನ್ನು ನಾನು ಕಟುವಾಗಿಯೇ ಹೇಳುತ್ತೇನೆ. ಅದರ ಹಿಕ್ಕೆ ಕಲ್ಲಿನ ಕಟ್ಟಡಗಳನ್ನು ಕೊರೆಯುತ್ತದೆ. ಒಣಗಿದ ಹಿಕ್ಕೆಯ ಪುಡಿ ಉಸಿರಿನೊಂದಿಗೆ ಒಳಹೋದರೆ ಕೆಲವರ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತ ಉಂಟಾಗಿ ದೀರ್ಘಕಾಲ ಕಾಡುತ್ತದೆ. ಪಕ್ಕದ ಮನೆಯವರ ಬೇಸರ ನ್ಯಾಯವಾದದ್ದು. ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬೇಡಿ; ನೀರು ಚಿಮುಕಿಸಿ ನೆನೆಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ತೊಳೆಯಿರಿ.

ಡಬ್ಬಿಯನ್ನು ಇವತ್ತೇ ಇಳಿಸಿಬಿಡಿ. ಎರಡು ಮೂರು ವಾರ ಒಂದು ಕಾಳೂ ಬೀಳದಂತೆ ನೋಡಿಕೊಂಡರೆ ಪಾರಿವಾಳಗಳು ಬೇರೆ ಕಡೆ ಹೋಗುತ್ತವೆ. ಆಮೇಲೂ ಕಾಳು ಇಡಬೇಕೆಂಬ ಆಸೆಯಿದ್ದರೆ ನಮ್ಮವರೇ ಕಂಡುಕೊಂಡಿದ್ದ ಉಪಾಯವೊಂದಿದೆ. ಶ್ರೀರಂಗಪಟ್ಟಣದ ಹತ್ತಿರ ನನ್ನ ಅಜ್ಜಿಯ ಮನೆಯಲ್ಲಿ ಕೊಯ್ಲು ಮುಗಿದ ಮೇಲೆ ಒಳ್ಳೆಯ ಭತ್ತದ ತೆನೆಗಳನ್ನು ಆರಿಸಿ, ಹುಲ್ಲಿನ ಸಮೇತ ಹೆಣೆದು, ಹಜಾರದ ತೊಲೆಗೆ ತೂಗುಹಾಕುತ್ತಿದ್ದರು. ಗುಬ್ಬಚ್ಚಿಗಳು ತೆನೆಗೆ ಜೋತುಬಿದ್ದು, ತಲೆಕೆಳಗಾಗಿ ಒಂದೊಂದೇ ಕಾಳು ಕಿತ್ತು, ಕೊಕ್ಕಿನಲ್ಲಿ ಹೊರಳಿಸಿ ಹೊಟ್ಟು ಉದುರಿಸುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಕೆಂಪು ಗಾರೆಯ ಮೇಲೆ ಹೊಟ್ಟಿನ ತೆಳು ಹಾಸು ಬಿದ್ದಿರುತ್ತಿತ್ತು. ತೂಗಾಡುವ ತೆನೆಗೆ ಪಾರಿವಾಳ ಜೋತುಬೀಳಲಾರದು. ಅದರ ಕಾಲು ನೆಲದಲ್ಲಿ ನಡೆಯಲು, ಕಟ್ಟೆಯ ಮೇಲೆ ಕೂರಲು ಆದದ್ದು. ಗುಬ್ಬಚ್ಚಿ, ಚುಕ್ಕೆ ರಾಟವಾಳಗಳಿಗೆ ಜೋಲಿ ಹೊಡೆಯುವುದೇ ಸಹಜ. ಭತ್ತ, ನವಣೆ, ಸಜ್ಜೆ, ಯಾವ ತೆನೆಯಾದರೂ ಸರಿ, ಎರಡು ಹಿಡಿ ತೆನೆಯ ಒಂದು ಗೊಂಚಲು ಸಾಕು. ನಿಮ್ಮ ಬಡಾವಣೆಯಲ್ಲಿ ಗುಬ್ಬಚ್ಚಿ ಉಳಿದಿದ್ದರೆ ಬಂದೀತು. ದೇಶದ ಒಟ್ಟು ಲೆಕ್ಕದಲ್ಲಿ ಅದರ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ದೊಡ್ಡ ನಗರಗಳಲ್ಲಿ ಮಾತ್ರ ಇಳಿದಿದೆ ಎಂದು 2020ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಹೇಳಿತು. ಬರದಿದ್ದರೆ ತೆನೆಯನ್ನು ಅಳಿಲು ತಿಂದುಕೊಳ್ಳಲಿ, ನಷ್ಟವಿಲ್ಲ.

ಅನ್ನ, ಬ್ರೆಡ್, ಬಿಸ್ಕತ್ತು, ಉಪ್ಪು ಹಾಕಿದ ಕಡಲೆ, ಮಿಕ್ಸ್ಚರ್ ಬೇಡ. ಹಾಲು ಅರಗಿಸುವ ಶಕ್ತಿ ಹಕ್ಕಿಗಳಿಗಿಲ್ಲ. ಸಕ್ಕರೆ ನೀರಿನ ಕೆಂಪು ಬಾಟಲಿಗಳೂ ಈಗ ಮಾರಾಟಕ್ಕಿವೆ. ಅವನ್ನು ಮಾಡಿದ್ದು ಅಮೆರಿಕದ ಝೇಂಕಾರದ ಹಕ್ಕಿಗಳಿಗಾಗಿ. ನಮ್ಮ ಬಿಸಿಲಿಗೆ ಸಕ್ಕರೆ ನೀರು ಒಂದೆರಡು ದಿನದಲ್ಲಿ ಹುಳಿಯುತ್ತದೆ. ನಮ್ಮ ಸೂರಕ್ಕಿಗೆ ನಿಮ್ಮ ದಾಸವಾಳವೂ ನುಗ್ಗೆಯ ಹೂವೂ ಇರುವಾಗ ಬಾಟಲಿಯ ಅಗತ್ಯವೇ ಇಲ್ಲ.

ಹಾಗಾದರೆ ಚಳಿಗಾಲದಲ್ಲಿ ಇಡಬೇಕಾದದ್ದೇನು? ನನ್ನ ಉತ್ತರ ನೀರು. ಮೂವತ್ತು ವರ್ಷಗಳಿಂದ ನನ್ನ ಹಿತ್ತಲಿನಲ್ಲಿ ಕಾಳು, ಹಣ್ಣು, ನೀರು ಮೂರನ್ನೂ ಇಟ್ಟು ನೋಡಿದ್ದೇನೆ. ಕಾಳಿಗೆ ಬರುವ ಹಕ್ಕಿಗಳನ್ನು ಒಂದು ಕೈಬೆರಳಲ್ಲಿ ಎಣಿಸಬಹುದು. ಹಣ್ಣಿಗೆ ಇನ್ನೂ ಕೆಲವು ಸೇರುತ್ತವೆ. ನೀರಿಗೆ ಮಾತ್ರ ಎಲ್ಲವೂ ಬರುತ್ತವೆ. ಕಾಳು ಮುಟ್ಟದ, ಹಣ್ಣು ನೋಡದ, ಇಡೀ ದಿನ ಎಲೆಯ ಮರೆಯಲ್ಲೇ ಇರುವ ಹಕ್ಕಿಯೂ ನೀರಿಗೆ ಒಂದು ಸಲ ಕೆಳಗಿಳಿಯುತ್ತದೆ. ಹುಳು ತಿನ್ನುವ ಹಕ್ಕಿಯ ಬಾಯಾರಿಕೆ ಬಹುಪಾಲು ಹುಳುವಿನ ರಸದಲ್ಲೇ ತೀರುತ್ತದೆ. ಆದರೆ ಗರಿಗಳ ಧೂಳು ಹೋಗಲು ಸ್ನಾನ ಬೇಕೇ ಬೇಕು.

ಹೂಕುಂಡದ ಕೆಳಗಿಡುವ ಮಣ್ಣಿನ ತಟ್ಟೆ, ಒಂದೂವರೆ ಅಡಿ ಅಗಲದ್ದು, ಇದಕ್ಕೆ ಬಲು ಚೆನ್ನಾಗಿ ಒದಗುತ್ತದೆ. ಒಳಮೈ ಒರಟಾಗಿರಬೇಕು, ನುಣುಪಾದ ಸ್ಟೀಲ್ ಅಥವಾ ಪ್ಲಾಸ್ಟಿಕ್ ತಟ್ಟೆಯಲ್ಲಿ ಹಕ್ಕಿಯ ಕಾಲು ಜಾರುತ್ತದೆ. ಅಂಚಿನಲ್ಲಿ ಅರ್ಧ ಅಂಗುಲ, ನಡುವೆ ಎರಡು ಅಂಗುಲ ನೀರು. ಒಂದು ಬದಿಗೆ ಚಪ್ಪಟೆ ಕಲ್ಲೊಂದನ್ನು ಇಳಿಜಾರಾಗಿ ಇಡಿ; ಪುಟ್ಟ ಹಕ್ಕಿ ಆಳ ನೋಡುತ್ತಾ ಹೆಜ್ಜೆಹೆಜ್ಜೆಯಾಗಿ ಇಳಿಯಲು ಅದು ಬೇಕು. ದಾಸವಾಳದ ಪೊದೆಯಿಂದ ನಾಲ್ಕೈದು ಅಡಿ ದೂರದಲ್ಲಿಡಿ. ಪೊದೆಗೆ ತಾಗಿದ್ದರೆ ಬೆಕ್ಕು ಹೊಂಚುತ್ತದೆ, ತೀರಾ ಬಯಲಿನಲ್ಲಿದ್ದರೆ ನೆನೆದ ಗರಿಯ ಹಕ್ಕಿಗೆ ಶಿಕ್ರಾ ಎಂಬ ಗಿಡುಗ ಬಂದಾಗ ಅಡಗಲು ಮರೆ ಸಿಗುವುದಿಲ್ಲ. ನಿಮ್ಮ ಬೀದಿಯಲ್ಲಿ ಬೆಕ್ಕಿನ ಓಡಾಟ ಹೆಚ್ಚಿದ್ದರೆ ತಟ್ಟೆಯನ್ನು ಕಲ್ಲಿನ ಕಟ್ಟೆಯ ಮೇಲಿಡಿ.

ಇನ್ನೊಂದು ಸಣ್ಣ ಏರ್ಪಾಡಿನಿಂದ ಅತಿಥಿಗಳು ಇಮ್ಮಡಿಯಾಗುತ್ತಾರೆ. ದೇವಸ್ಥಾನದಲ್ಲಿ ಶಿವಲಿಂಗದ ಮೇಲೆ ಧಾರಾಪಾತ್ರೆ ತೂಗುತ್ತದಲ್ಲ, ಹಾಗೆ ತಟ್ಟೆಯ ಮೇಲೆ ಒಂದು ಸಣ್ಣ ಮಡಕೆಯನ್ನು ತೂಗುಹಾಕಿ, ತಳದಲ್ಲಿ ಸೂಜಿಯಷ್ಟು ರಂಧ್ರ ಮಾಡಿ, ಹತ್ತಿಯ ಬತ್ತಿ ತೂರಿಸಿ. ಎರಡು ಮೂರು ಸೆಕೆಂಡಿಗೆ ಒಂದು ಹನಿ ಬಿದ್ದರೆ ಸಾಕು. ನಿಂತ ನೀರನ್ನು ಹಕ್ಕಿ ನೋಡಿ ಕಂಡುಹಿಡಿಯಬೇಕು. ತೊಟ್ಟಿಕ್ಕುವ ನೀರಿನ ಸದ್ದು ಅದನ್ನು ಕರೆಯುತ್ತದೆ.

ಕಳೆದ ಜನವರಿಯ ಒಂದು ಸಂಜೆಯ ಮಾತು ಹೇಳುತ್ತೇನೆ. ಸೂರ್ಯ ಮುಳುಗಲು ಕಾಲು ಗಂಟೆಯಿತ್ತು. ಗೊರವಂಕಗಳು ಮಿಂದು, ನೀರೆಲ್ಲ ಚೆಲ್ಲಾಡಿ ಹೋಗಿದ್ದವು. ಸೀತಾಫಲದ ಕೊಂಬೆಯ ಮೇಲೆ ಬೆಳ್ಳಗೆ ಏನೋ ಅಲುಗಿತು. ಗಂಡು ರಾಜಹಕ್ಕಿ. ತಲೆ ಕಡುಗಪ್ಪು, ಮೈಯೆಲ್ಲ ಬಿಳುಪು, ಬಾಲದಲ್ಲಿ ಗೇಣುದ್ದದ ಎರಡು ರಿಬ್ಬನ್ನು. ಅದು ಗೊರವಂಕದ ಹಾಗೆ ನೀರಿನಲ್ಲಿ ನಿಂತು ಮೀಯಲಿಲ್ಲ. ಕೊಂಬೆಯಿಂದ ನೇರ ನೀರಿಗೆ ಎರಗಿ, ಎದೆಯನ್ನು ಒಮ್ಮೆ ತಾಗಿಸಿ, ಅದೇ ರಭಸದಲ್ಲಿ ಮೇಲೆದ್ದು ಕೊಂಬೆಗೆ ಮರಳಿತು. ಉದ್ದದ ಬಾಲ ನೀರಿನ ಮೇಲೆ ಒಂದು ಗೆರೆ ಎಳೆದಂತೆ ಹಾದುಹೋಯಿತು. ಗರಿ ಕೊಡವಿಕೊಂಡು ಮತ್ತೆ ಎರಗಿತು. ಹನ್ನೊಂದು ಸಲ ಎಣಿಸಿದೆ. ಆಮೇಲೆ ಕತ್ತಲಾಯಿತು. ಮರುದಿನವೂ ಅದೇ ಹೊತ್ತಿಗೆ ಬಂತು, ಮಾರ್ಚ್ ಕೊನೆಯವರೆಗೂ ಬಂತು. ಬೂದು ಕಾಜಾಣವೂ ಹೀಗೆಯೇ ಮುಸ್ಸಂಜೆಯಲ್ಲಿ ಎರಗಿ ಮೀಯುತ್ತದೆ. ಆದ್ದರಿಂದ ಬೆಳಿಗ್ಗೆ ಮಾತ್ರವಲ್ಲದೆ ಸಂಜೆ ಐದೂವರೆಯಿಂದ ಆರೂಕಾಲರವರೆಗೂ ಕಿಟಕಿಯ ಬಳಿ ಕುಳಿತಿರಿ.

ನೀರಿಟ್ಟವರು ಅದನ್ನು ದಿನವೂ ಚೆಲ್ಲಿ ಹೊಸದಾಗಿ ತುಂಬಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಎಂಟು ಹತ್ತು ದಿನ ಬೇಕು. ಅದರ ಮೊಟ್ಟೆ ತಟ್ಟೆಯ ಗೋಡೆಗೆ ಅಂಟಿಕೊಂಡು ಒಣಗಿದರೂ ಸಾಯುವುದಿಲ್ಲ. ಹಾಗಾಗಿ ನೀರು ಬದಲಿಸಿದರೆ ಸಾಲದು, ತೆಂಗಿನ ನಾರಿನಿಂದ ತಟ್ಟೆಯನ್ನು ತಿಕ್ಕಬೇಕು. ಹಕ್ಕಿಗಳ ಆರೋಗ್ಯಕ್ಕೂ ಇದು ಬೇಕು. ಒಂದೇ ತಟ್ಟೆಗೆ ಹತ್ತಾರು ಹಕ್ಕಿಗಳು ಕೊಕ್ಕು ಹಾಕಿದಾಗ ರೋಗ ಹರಡುತ್ತದೆ. ಬ್ರಿಟನ್ನಿನಲ್ಲಿ 2005ರಿಂದೀಚೆಗೆ ಕಾಳಿನ ಡಬ್ಬಿ, ನೀರಿನ ತಟ್ಟೆಗಳ ಮೂಲಕ ಹರಡಿದ ಗಂಟಲ ರೋಗವೊಂದು ‘ಗ್ರೀನ್‌ಫಿಂಚ್’ ಎಂಬ ಹಕ್ಕಿಯ ಸಂತತಿಯನ್ನು ಅರ್ಧಕ್ಕಿಂತ ಕೆಳಗಿಳಿಸಿತು. ಅವಕ್ಕೆ ಡಬ್ಬಿ ಇಟ್ಟವರೆಲ್ಲ ಹಕ್ಕಿಗಳನ್ನು ಪ್ರೀತಿಸಿದವರೇ. ಗರಿ ಕೆದರಿಕೊಂಡು ಮಂಕಾಗಿ ಕುಳಿತ, ನುಂಗಲಾರದ ಹಕ್ಕಿ ನಿಮ್ಮ ತಟ್ಟೆಯ ಬಳಿ ಕಂಡರೆ ಎರಡು ವಾರ ಎಲ್ಲವನ್ನೂ ತೆಗೆದಿಟ್ಟುಬಿಡಿ.

ಹಣ್ಣಿನ ವಿಷಯ ಚಿಕ್ಕದು. ಪರಂಗಿ, ಬಾಳೆ, ಸೀಬೆ ಇವುಗಳಲ್ಲಿ ಒಂದೆರಡು ಹೋಳನ್ನು ಬೆಳಿಗ್ಗೆ ಮರದ ಕವಲಿನಲ್ಲಿ ಸಿಕ್ಕಿಸಿ. ಕೆಮ್ಮೀಸೆ ಪಿಕಳಾರ, ಕೋಗಿಲೆ, ಕುಟ್ರು ಹಕ್ಕಿ, ಮಟಪಕ್ಷಿ ಬರುತ್ತವೆ. ಮಧ್ಯಾಹ್ನ ಉಳಿದದ್ದನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಿ. ಬಿಟ್ಟರೆ ರಾತ್ರಿ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಚಾಮುಂಡಿ ಬೆಟ್ಟದ ತಪ್ಪಲಿನ ಬಡಾವಣೆಗಳಲ್ಲಿರುವವರು, ಕೋತಿಗಳ ಕಾಟವಿದ್ದರೆ, ಹಣ್ಣು ಇಡಲೇಬಾರದು. ಅದಕ್ಕಿಂತ ಹಣ್ಣನ್ನು ಗಿಡದಲ್ಲೇ ಬಿಡುವುದು ಮೇಲು. ಸೀಬೆಯ ತುದಿಯ ನಾಲ್ಕು ಹಣ್ಣು ಕೀಳದೆ ಬಿಡಿ. ಕರಿಬೇವಿನ ಕಪ್ಪು ಹಣ್ಣನ್ನು ಪಿಕಳಾರ, ಕೋಗಿಲೆಗಳು ಇಷ್ಟಪಟ್ಟು ತಿನ್ನುತ್ತವೆ. ಹೂಗೊಂಚಲು ಕಂಡ ತಕ್ಷಣ ಚಿವುಟುವ ಅಭ್ಯಾಸವಿದ್ದರೆ ಒಂದು ಕೊಂಬೆಯನ್ನಾದರೂ ಉಳಿಸಿ. ಜಾಗವಿದ್ದರೆ ಬೇಗ ಬೆಳೆಯುವ ಗಸಗಸೆ ಹಣ್ಣಿನ ಗಿಡವೊಂದನ್ನು ನೆಡಿ.

ಪಕ್ಕದವರ ಮಾವಿನ ಮರದಲ್ಲಿ ಬದನಿಕೆ ಎಂಬ ಪರಾವಲಂಬಿ ಗಿಡ ಹಬ್ಬಿದೆಯೇ ನೋಡಿ. ಇದ್ದರೆ ‘ಟಿಕ್ ಟಿಕ್’ ಎಂದು ಚಿಟಿಕೆ ಹೊಡೆದಂತೆ ಸದ್ದು ಮಾಡುವ ಬದನಿಕೆ ಹಕ್ಕಿ ಅಲ್ಲಿರುತ್ತದೆ. ನಮ್ಮ ನಾಡಿನ ಅತಿ ಪುಟ್ಟ ಹಕ್ಕಿಗಳಲ್ಲೊಂದು, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಬದನಿಕೆಯ ಹಣ್ಣು ನುಂಗುತ್ತದೆ. ಅಂಟಂಟಾದ ಬೀಜ ಹೊರಬಂದಾಗ ಹಿಂಬದಿಯನ್ನು ಕೊಂಬೆಗೆ ಉಜ್ಜಿ ಅಂಟಿಸುತ್ತದೆ. ಅಲ್ಲಿ ಇನ್ನೊಂದು ಬದನಿಕೆ ಮೊಳೆಯುತ್ತದೆ. ಮಾವು ಬೆಳೆಯುವವರಿಗೆ ಬದನಿಕೆ ಶತ್ರು, ನಿಜ. ಒಂದು ಗೊಂಚಲು ಉಳಿಸಿಕೊಂಡರೆ ಮರವೇನೂ ಸಾಯುವುದಿಲ್ಲವೆಂದು ನಾನು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ನೀವು ಹೋಗಿಲ್ಲವಾದರೆ ಫೆಬ್ರುವರಿಯಲ್ಲಿ ಒಂದು ಭಾನುವಾರ ಹೋಗಿಬನ್ನಿ. ಊರೊಳಗಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿ ಮರಿ ಮಾಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರು ಅವನ್ನು ಕಾಣುತ್ತಾರೆ. ಅವರು ಆ ಹಕ್ಕಿಗಳನ್ನು ಮೀನು ಹಾಕಿ ಕರೆತಂದವರಲ್ಲ. ಹುಣಸೆಯ ಫಸಲು ಕೈತಪ್ಪಿದರೂ ಸರಿ ಎಂದು ಮರ ಬಿಟ್ಟುಕೊಟ್ಟವರು. ನಿಮ್ಮ ಹಿತ್ತಲಿಗೂ ನಾನು ಹೇಳುತ್ತಿರುವುದು ಅದನ್ನೇ. ಒಣಗಿದ ಎಲೆಗಳನ್ನೆಲ್ಲ ಗುಡಿಸಿ ಸುಡಬೇಡಿ. ಸೀಬೆಯ ಬುಡದಲ್ಲಿ ನಾಲ್ಕು ಅಡಿ ಅಗಲಕ್ಕೆ ಹರಡಿಬಿಡಿ. ಅದರಡಿ ಹುಳು, ಗೆದ್ದಲು ಸೇರುತ್ತವೆ. ಹರಟೆಮಲ್ಲ ಹಕ್ಕಿಗಳ ಗುಂಪು ಬಂದು ಒಂದೊಂದೇ ಎಲೆಯನ್ನು ಮಗುಚಿಹಾಕುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ದಕ್ಷಿಣಕ್ಕೆ ಹೋಗುವ ನವರಂಗ ಹಕ್ಕಿ ಇಂಥ ನೆರಳಿನ ತರಗೆಲೆ ಕಂಡರೆ ಒಂದೆರಡು ದಿನ ಇಳಿದು ದಣಿವಾರಿಸಿಕೊಳ್ಳುವುದುಂಟು. ದಾಸವಾಳಕ್ಕೆ ಹಿಟ್ಟು ತಿಗಣೆ ಬಂದರೆ ವಿಷ ಹೊಡೆಯದೆ ಪೈಪಿನಿಂದ ರಭಸವಾಗಿ ನೀರು ಹಾಯಿಸಿ ತೊಳೆಯಿರಿ. ಮನೆಯ ಹಿಂದಿನ ಕಿಟಕಿಗೆ ದೊಡ್ಡ ಗಾಜಿದ್ದರೆ ಹೊರಬದಿಗೆ ನಾಲ್ಕು ಬೆರಳಿಗೊಂದರಂತೆ ಸುಣ್ಣದ ಬೊಟ್ಟಿಡಿ, ಇಲ್ಲವೇ ದಾರ ಇಳಿಬಿಡಿ. ಗಾಜಿನಲ್ಲಿ ಮರದ ಬಿಂಬ ಕಂಡು ನೇರ ಬಂದು ಬಡಿದು ಸಾಯುವ ಹಕ್ಕಿಗಳಲ್ಲಿ ನವರಂಗವೂ ಒಂದು. ನನ್ನ ಅಂಗೈಯಲ್ಲೇ ಒಂದು ಪ್ರಾಣ ಬಿಟ್ಟಿದೆ. ಹೊಟ್ಟೆಯ ಕೆಂಪು ಇನ್ನೂ ಹೊಸದಾಗಿತ್ತು, ಕತ್ತು ಮಾತ್ರ ಜೋತುಬಿದ್ದಿತ್ತು. ಅದಾದ ಮೇಲೆ ನನ್ನ ಮನೆಯ ಯಾವ ಗಾಜನ್ನೂ ಬರಿದಾಗಿ ಬಿಟ್ಟಿಲ್ಲ.

ನೋಡುವುದಕ್ಕೆ ದೊಡ್ಡ ಸಲಕರಣೆ ಬೇಡ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು, ಒಂದು ನೋಟ್‌ಬುಕ್, ಪೆನ್ಸಿಲ್ ಸಾಕು. ನಿಮ್ಮ ಮಗಳನ್ನು ಕೇಳಿನೋಡಿ, ಅವಳ ದೇಶದಲ್ಲಿ ಚಳಿಗಾಲದುದ್ದಕ್ಕೂ ಹಿತ್ತಲ ಹಕ್ಕಿಗಳನ್ನು ಎಣಿಸಿ ಕಳುಹಿಸುವ ಯೋಜನೆಯೊಂದಿದೆ. 1976ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಶುರುವಾಗಿ 1987ರಿಂದ ಉತ್ತರ ಅಮೆರಿಕದಲ್ಲೆಲ್ಲ ನಡೆಯುತ್ತಿದೆ. ಅದರ ಒಂದು ನಿಯಮ ನಮಗೂ ಒಪ್ಪುತ್ತದೆ. ಪಿಕಳಾರ ಹತ್ತು ಸಲ ಬಂದುಹೋದರೆ ಹತ್ತು ಎಂದು ಬರೆಯಬಾರದು. ಒಂದೇ ನೋಟಕ್ಕೆ ಒಟ್ಟಿಗೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನು ಬರೆಯಬೇಕು. ಬಂದದ್ದೇ ಮತ್ತೆ ಬರುತ್ತಿರಬಹುದಲ್ಲ. ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ಇದಕ್ಕೆ ಭಾರತ 2013ರಲ್ಲಿ ಸೇರಿತು. ಒಂದು ಕಡೆ ಕುಳಿತು ಹದಿನೈದು ನಿಮಿಷ ಎಣಿಸಿದರೂ ಸಾಕು. ತಾಯಿ ಮೈಸೂರಿನಲ್ಲಿ, ಮಗಳು ಮಿನ್ನೆಸೋಟದಲ್ಲಿ, ಇಬ್ಬರೂ ಅದೇ ದಿನ ಎಣಿಸಿ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ವೀಡಿಯೊದಲ್ಲಿ ನೋಡಿದಾಗ ಸಿಗದ ಸಂತೋಷ ಸಿಗುತ್ತದೆ.

ಈಗ ನುಗ್ಗೆ ಮರದ ‘ಚಿವೀ’. ಇಲ್ಲಿ ಒಂದು ಅನುಮಾನ ಬಗೆಹರಿಸಿಕೊಳ್ಳಬೇಕು. ನಮ್ಮಲ್ಲೇ ವರ್ಷವಿಡೀ ಇರುವ ಟುವ್ವಿ ಹಕ್ಕಿಯೂ ಹತ್ತಿರದ ಸದ್ದನ್ನೇ ಮಾಡುತ್ತದೆ. ಆದರೆ ಅದು ‘ಟುವೀ ಟುವೀ ಟುವೀ’ ಎಂದು ಉಸಿರು ಬಿಡದೆ, ಅಷ್ಟು ಚಿಕ್ಕ ಮೈಯಿಂದ ಇಷ್ಟು ದೊಡ್ಡ ದನಿಯೇ ಎನಿಸುವಂತೆ ಕೂಗುತ್ತದೆ. ಬಾಲವನ್ನು ನೆಟ್ಟಗೆ ಎತ್ತಿಕೊಂಡು ಗಿಡಗಳ ಬುಡದಲ್ಲಿ ಓಡಾಡುತ್ತದೆ. ಪೊದೆಯ ಒಳಗಿಂದ ‘ಚಕ್ ಚಕ್’ ಎಂದು ನಾಲಗೆ ಲೊಟ್ಟೆಹೊಡೆದಂತೆ ಕೇಳಿಸಿದರೆ ಅದು ಜೊಂಡಿನ ಉಲಿಯಕ್ಕಿ, ಅದೂ ಚಳಿಗಾಲದ ನೆಂಟ. ನೀವು ಬರೆದಂತೆ ಒಂದೇ ಒಂದು ಚುರುಕಾದ ‘ಚಿವೀ’, ಸ್ವಲ್ಪ ಹೊತ್ತು ಮೌನ, ಮತ್ತೆ ಒಂದು ‘ಚಿವೀ’, ಅದೂ ಮರದ ಮೇಲ್ಭಾಗದಿಂದ ಎಂದಾದರೆ ಅದು ಹಸಿರು ಎಲೆ ಉಲಿಯಕ್ಕಿ. ತೂಕ ಏಳೆಂಟು ಗ್ರಾಂ. ನಿಮ್ಮ ಮಗಳ ಚಿಕಡೀಗಿಂತಲೂ ಹಗುರ. ಹಿಮಾಲಯ ಮತ್ತು ಅದರಾಚೆಯ ಮಧ್ಯ ಏಷ್ಯಾದ ಕಾಡುಗಳಲ್ಲಿ ಬೇಸಿಗೆಯಲ್ಲಿ ಮರಿ ಮಾಡಿ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಇಲ್ಲಿಗೆ ಬಂದು ಸೇರುತ್ತದೆ.

ಅದು ಕೂಗುವುದು ಯಾಕೆಂದರೆ ಆ ಮರ ಅದರದ್ದು. ನಮ್ಮ ದಕ್ಷಿಣದ ಕಾಡುಗಳಲ್ಲಿ ಈ ಹಕ್ಕಿಗಳ ಕಾಲಿಗೆ ಬಣ್ಣದ ಬಳೆ ತೊಡಿಸಿ ಗಮನಿಸಿದ ವಿಜ್ಞಾನಿಗಳು, ಒಂದೊಂದು ಹಕ್ಕಿಯೂ ಚಳಿಗಾಲಕ್ಕೆ ತನ್ನದೇ ಆದ ಕೆಲವು ಮರಗಳ ಎಲ್ಲೆ ಕಟ್ಟಿಕೊಳ್ಳುವುದನ್ನೂ, ಬೇರೆಯವು ಬಂದರೆ ಅಟ್ಟುವುದನ್ನೂ, ಮರುವರ್ಷ ಅದೇ ಜಾಗಕ್ಕೆ ಮರಳುವುದನ್ನೂ ಕಂಡಿದ್ದಾರೆ. ಅದಕ್ಕೆ ನಿಮ್ಮ ನುಗ್ಗೆಯೇ ಕಾಳಿನ ಡಬ್ಬಿ. ನುಗ್ಗೆಯ ಪುಟಾಣಿ ಎಲೆಗಳ ಅಡಿಯಲ್ಲಿ ಗಿಡಹೇನು, ಕೀಡೆ, ಜೇಡಗಳನ್ನು ಅದು ಬೆಳಗಿನಿಂದ ಸಂಜೆಯವರೆಗೆ ಆರಿಸುತ್ತದೆ.

ಕೆಳಗಿನಿಂದ ನೋಡಿದರೆ ಆಕಾಶದ ಬೆಳಕಿಗೆ ಅದು ಒಣ ಎಲೆಯಂತೆ ಕಾಣುತ್ತದೆ. ಬೆಳಿಗ್ಗೆ ಏಳರಿಂದ ಎಂಟೂವರೆಯೊಳಗೆ ತಾರಸಿಗೆ ಹೋಗಿ, ಸೂರ್ಯನನ್ನು ಬೆನ್ನಿಗೆ ಮಾಡಿಕೊಂಡು, ಮರದ ನೆತ್ತಿಗೆ ಸಮವಾಗಿ ಕುಳಿತುಕೊಳ್ಳಿ. ಕೂಗನ್ನು ಬೆನ್ನುಹತ್ತಬೇಡಿ. ಗಾಳಿಯಿಲ್ಲದಾಗ ಅಲುಗುವ ಎಲೆಯನ್ನು ಹುಡುಕಿ, ಅಲ್ಲಿಗೆ ದುರ್ಬೀನು ಹಿಡಿಯಿರಿ. ಮೊದಲು ಕಾಣುವುದು ಹುಬ್ಬು. ಕಣ್ಣಿನ ಮೇಲೆ ಕೊಕ್ಕಿನ ಬುಡದಿಂದ ಕತ್ತಿನವರೆಗೆ ಎಳೆದ ನಸುಹಳದಿ ಗೆರೆ. ಬೆನ್ನು ಮಾಸಲು ಹಸಿರು, ಹೊಟ್ಟೆ ಬಿಳುಪು, ಮಡಿಸಿದ ರೆಕ್ಕೆಯ ಮೇಲೆ ಸೂಕ್ಷ್ಮವಾದ ಒಂದು ಬಿಳಿ ಅಡ್ಡಗೆರೆ. ಎರಡು ಸೆಕೆಂಡಿಗಿಂತ ಹೆಚ್ಚು ಒಂದೆಡೆ ನಿಲ್ಲುವುದಿಲ್ಲ. ಮೂರು ನಾಲ್ಕು ದಿನ ಕುಳಿತರೆ ಅದು ಯಾವ ಕೊಂಬೆಯಿಂದ ಯಾವ ಕೊಂಬೆಗೆ ಸುತ್ತು ಹಾಕುತ್ತದೆಂಬುದು ನಿಮಗೇ ತಿಳಿಯುತ್ತದೆ. ಕೆಳಗೆ ನೀರಿನ ತಟ್ಟೆಯಿದ್ದರೆ, ಬಿಸಿಲೇರಿದ ಮೇಲೆ ಹನ್ನೊಂದರ ಹೊತ್ತಿಗೆ ಒಮ್ಮೆ ಇಳಿದೀತು.

ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಕೂಗು ಕೇಳಿಸುವುದಿಲ್ಲ. ಕೊನೆಯ ಸಲ ಕೇಳಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ನುಗ್ಗೆಯ ಕೊಂಬೆ ಸವರುವುದಿದ್ದರೆ ಅದು ಹೋದ ಮೇಲೆ, ಮೇ ತಿಂಗಳಲ್ಲಿ ಸವರಿ. ಮಳೆಗೆ ಚಿಗುರಿ ಸೆಪ್ಟೆಂಬರಿನ ಹೊತ್ತಿಗೆ ಮರ ಮತ್ತೆ ತುಂಬಿಕೊಂಡಿರುತ್ತದೆ. ಆಗ ಮೊದಲ ‘ಚಿವೀ’ ಕೇಳಿದ ದಿನ ನನಗೂ ಒಂದು ಸಾಲು ಬರೆಯಿರಿ.